ನೆಲದಡಿಯಲ್ಲಿ ನೂರಾರು ಕಿಲೋಮೀಟರ್: ಗಾಳಿ, ಬಿಸಿಲುಗಳ ವಿದ್ಯುತ್ತು ಭೂಗತ ಕೇಬಲ್‌ನಲ್ಲಿ ಸಾಗುವ ಬಗೆ

ಜರ್ಮನಿಯ ಉತ್ತರ ಭಾಗದಲ್ಲಿ ಗಾಳಿ ಜೋರಾಗಿ ಬೀಸುವ ದಿನಗಳಂದು ಅಲ್ಲಿನ ಹಲವು ಗಾಳಿಯಂತ್ರಗಳನ್ನು ಬೇಕೆಂದೇ ನಿಲ್ಲಿಸಲಾಗುತ್ತದೆ. ಅದೇ ಹೊತ್ತಿನಲ್ಲಿ ದೇಶದ ದಕ್ಷಿಣದಲ್ಲಿರುವ ಕಾರ್ಖಾನೆಗಳು ಮತ್ತು ನಗರಗಳ ಬೇಡಿಕೆಯನ್ನು ಪೂರೈಸಲು ಕಲ್ಲಿದ್ದಲು ಅಥವಾ ಅನಿಲದ ಸ್ಥಾವರಗಳನ್ನು ಹೆಚ್ಚುವರಿಯಾಗಿ ನಡೆಸಬೇಕಾಗುತ್ತದೆ. ಉತ್ತರದಲ್ಲಿ ಉತ್ಪಾದನೆಯಿದೆ, ದಕ್ಷಿಣದಲ್ಲಿ ಬಳಕೆಯಿದೆ, ನಡುವಿನ ತಂತಿಗಳಿಗೆ ಅಷ್ಟು ವಿದ್ಯುತ್ತನ್ನು ಹೊತ್ತೊಯ್ಯುವ ಸಾಮರ್ಥ್ಯ ಇಲ್ಲ. ಇಂಥ ಸ್ಥಿತಿ ಹಲವು ದೇಶಗಳಲ್ಲಿದೆ. ವಿದ್ಯುತ್ ಜಾಲದ ಸಂಪರ್ಕಕ್ಕಾಗಿ ಸರದಿಯಲ್ಲಿ ಕಾಯುತ್ತಿರುವ ನವೀಕರಿಸಬಹುದಾದ ಇಂಧನ ಯೋಜನೆಗಳ ಒಟ್ಟು ಸಾಮರ್ಥ್ಯ ಕನಿಷ್ಠ 3,000 ಗಿಗಾವಾಟ್ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2023ರ ತನ್ನ ವರದಿಯಲ್ಲಿ ಲೆಕ್ಕ ಹಾಕಿತ್ತು.

ಹೊಸ ಮಾರ್ಗಗಳು ಬೇಕು ಎಂಬ ಬಗ್ಗೆ ಹೆಚ್ಚಿನ ತಕರಾರಿಲ್ಲ. ಆ ಮಾರ್ಗ ತಮ್ಮ ಹೊಲದ ಮೇಲೆ, ಮನೆಯ ಎದುರು ಅಥವಾ ಕಾಡಿನ ನಡುವೆ ಎತ್ತರದ ಗೋಪುರಗಳ ಮೇಲೇರಿ ಹೋಗುತ್ತದೆ ಎಂದಾಗ ವಿರೋಧ ಏಳುತ್ತದೆ. ಅನುಮತಿ, ಮೊಕದ್ದಮೆ, ಮಾರ್ಗ ಬದಲಾವಣೆಗಳಲ್ಲಿ ವರ್ಷಗಳೇ ಉರುಳುತ್ತವೆ. ನಗರಗಳಲ್ಲಿ ಮಾಡುವಂತೆ ತಂತಿಯನ್ನು ನೆಲದಲ್ಲಿ ಹೂತುಬಿಟ್ಟರೆ ಆಗದೇ ಎಂಬ ಪ್ರಶ್ನೆ ಆಗ ಸಹಜವಾಗಿಯೇ ಬರುತ್ತದೆ. ಆಗುತ್ತದೆ, ಹಲವೆಡೆ ಹೂಳಲಾಗುತ್ತಿದೆ ಕೂಡ. ಆದರೆ ನೂರಾರು ಕಿಲೋಮೀಟರ್ ಉದ್ದದ ಅಧಿಕ ವೋಲ್ಟೇಜ್ ಮಾರ್ಗವನ್ನು ಹೂಳಲು ಹೊರಟಾಗ ತಂತಿಯ ಜಾಗದ ಜೊತೆಗೆ ವಿದ್ಯುತ್ತಿನ ಸ್ವರೂಪವನ್ನೂ ಬದಲಿಸಬೇಕಾಗುತ್ತದೆ. ಅದೇಕೆ ಎಂಬುದು ತಿಳಿದರೆ ಖರ್ಚಿನ ಪ್ರಶ್ನೆಯೂ ಸೇರಿದಂತೆ ಉಳಿದ ಹೆಚ್ಚಿನ ಪ್ರಶ್ನೆಗಳು ಬಿಡಿಸಿಕೊಳ್ಳುತ್ತವೆ.

## ಪ್ರಸರಣ, ವಿತರಣೆ ಮತ್ತು ಅಧಿಕ ವೋಲ್ಟೇಜ್

ವಿದ್ಯುತ್ ಜಾಲವನ್ನು ಸ್ಥೂಲವಾಗಿ ಎರಡು ಭಾಗಗಳಾಗಿ ನೋಡಬಹುದು. ಉತ್ಪಾದನಾ ಕೇಂದ್ರಗಳಿಂದ ದೂರದ ಉಪಕೇಂದ್ರಗಳಿಗೆ ವಿದ್ಯುತ್ತನ್ನು ಭಾರೀ ಪ್ರಮಾಣದಲ್ಲಿ ಸಾಗಿಸುವುದು ಪ್ರಸರಣ. ಉಪಕೇಂದ್ರಗಳಿಂದ ಬೀದಿ ಬೀದಿಗೂ ಮನೆ ಮನೆಗೂ ಹಂಚುವುದು ವಿತರಣೆ. ನಗರದ ರಸ್ತೆಯನ್ನು ಅಗೆದು ಹಾಕುವ ಕೇಬಲ್‌ಗಳಲ್ಲಿ ಹೆಚ್ಚಿನವು ವಿತರಣೆಗೆ ಸೇರಿದವು. ಅವುಗಳ ವೋಲ್ಟೇಜ್ ಕಡಿಮೆ, ದೂರವೂ ಕಡಿಮೆ. ಪ್ರಸ್ತುತ ಲೇಖನದ ವಿಷಯ ಪ್ರಸರಣ ಮಾರ್ಗಗಳು, ಅಂದರೆ ನೂರಾರು ಕಿಲೋವೋಲ್ಟ್‌ನ, ನೂರಾರು ಕಿಲೋಮೀಟರ್‌ನ ಮಾರ್ಗಗಳು. ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಚರ್ಚೆಯಲ್ಲಿ ಅರ್ಧದಷ್ಟು ಗೊಂದಲ ಹುಟ್ಟುತ್ತದೆ.

ವೋಲ್ಟೇಜನ್ನು ಅಷ್ಟು ಎತ್ತರಕ್ಕೆ ಏರಿಸುವ ಕಾರಣ ಸರಳವಾದ ಗಣಿತದಲ್ಲಿದೆ. ಸಾಗುವ ಶಕ್ತಿಯು ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧ. 1,000 ಮೆಗಾವಾಟ್ ಶಕ್ತಿಯನ್ನು 250 ಕಿಲೋವೋಲ್ಟ್‌ನಲ್ಲಿ ಕಳುಹಿಸಲು 4,000 ಆಂಪಿಯರ್ ಪ್ರವಾಹ ಬೇಕು. 500 ಕಿಲೋವೋಲ್ಟ್‌ನಲ್ಲಾದರೆ 2,000 ಆಂಪಿಯರ್ ಸಾಕು. ತಂತಿಯಲ್ಲಿ ಶಾಖವಾಗಿ ಕಳೆದುಹೋಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜ್ ಎರಡು ಪಟ್ಟಾದರೆ ಅದೇ ತಂತಿಯಲ್ಲಿ ಆಗುವ ನಷ್ಟ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಾಳಿ ಮತ್ತು ಬಿಸಿಲು ಹೇರಳವಾಗಿರುವ ಜಾಗಗಳು ಸಾಮಾನ್ಯವಾಗಿ ದೊಡ್ಡ ನಗರಗಳಿಂದ ದೂರ ಇರುತ್ತವೆ. ಕಲ್ಲಿದ್ದಲನ್ನು ರೈಲಿನಲ್ಲಿ ತಂದು ನಗರದ ಹತ್ತಿರವೇ ಉರಿಸಬಹುದು, ಗಾಳಿಯನ್ನು ಹಾಗೆ ತರಲಾಗದು. ಹಾಗಾಗಿ ನವೀಕರಿಸಬಹುದಾದ ಇಂಧನ ಹೆಚ್ಚಿದಷ್ಟೂ ಉದ್ದದ, ಅಧಿಕ ವೋಲ್ಟೇಜ್‌ನ ಮಾರ್ಗಗಳ ಅಗತ್ಯವೂ ಹೆಚ್ಚುತ್ತದೆ.

## ತೆರೆದ ತಂತಿಗೂ ಹೂತ ಕೇಬಲ್‌ಗೂ ಇರುವ ವ್ಯತ್ಯಾಸ

ಗೋಪುರಗಳ ನಡುವೆ ತೂಗುವ ತಂತಿಗೆ ಹೊದಿಕೆ ಇರುವುದಿಲ್ಲ. ಸುತ್ತಲಿನ ಗಾಳಿಯೇ ಅದರ ಅವಾಹಕ ಹೊದಿಕೆ. ಆ ಗಾಳಿ ಪುಕ್ಕಟೆ ಸಿಗುತ್ತದೆ, ತಂತಿಯ ಶಾಖವನ್ನು ಒಯ್ಯುತ್ತದೆ, ಸಿಡಿಲು ಬಡಿದು ಕ್ಷಣಕಾಲ ಕಿಡಿ ಹಾರಿದರೂ ಮರುಕ್ಷಣವೇ ಮೊದಲಿನ ಸ್ಥಿತಿಗೆ ಮರಳುತ್ತದೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಸಹನಶೀಲ ಹೊದಿಕೆಯನ್ನು ಯಾವ ಕಾರ್ಖಾನೆಯೂ ತಯಾರಿಸಿಲ್ಲ. ಪ್ರತಿಯಾಗಿ ಅದು ಕೇಳುವುದು ಎತ್ತರ ಮತ್ತು ಅಗಲವಾದ ಜಾಗವನ್ನು.

ನೆಲದೊಳಗೆ ಈ ಅನುಕೂಲ ಯಾವುದೂ ಇಲ್ಲ. ಅಲ್ಲಿ ಕೇಬಲ್ ತನ್ನ ಹೊದಿಕೆಯನ್ನು ತಾನೇ ಹೊತ್ತುಕೊಂಡಿರಬೇಕು. ನಡುವೆ ತಾಮ್ರ ಅಥವಾ ಅಲ್ಯೂಮಿನಿಯಂನ ವಾಹಕ, ಅದರ ಸುತ್ತ ಕೆಲವೇ ಸೆಂಟಿಮೀಟರ್ ದಪ್ಪದ ಅವಾಹಕ ಪದರ, ಅದರ ಹೊರಗೆ ಭೂಸಂಪರ್ಕ ಹೊಂದಿದ ಲೋಹದ ಕವಚ, ಎಲ್ಲಕ್ಕೂ ಹೊರಗೆ ತೇವ ಮತ್ತು ಪೆಟ್ಟು ತಡೆಯುವ ಪ್ಲಾಸ್ಟಿಕ್ ಹೊದಿಕೆ. ಗಾಳಿಯಲ್ಲಿ ಹಲವು ಮೀಟರ್ ಅಂತರ ಬೇಡುವ ವೋಲ್ಟೇಜನ್ನು ಇಲ್ಲಿ ಆ ಕೆಲವು ಸೆಂಟಿಮೀಟರ್ ದಪ್ಪದ ಪದರವೇ ದಶಕಗಳ ಕಾಲ ತಡೆದು ನಿಲ್ಲಬೇಕು. ಹಿಂದೆ ಈ ಪದರಕ್ಕೆ ಎಣ್ಣೆಯಲ್ಲಿ ತೊಯ್ದ ಕಾಗದವನ್ನು ಸುತ್ತುತ್ತಿದ್ದರು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಎಕ್ಸ್‌ಎಲ್‌ಪಿಇ ಎಂದು ಕರೆಯುವ ಒಂದು ಬಗೆಯ ಪಾಲಿಥೀನ್. ಇದರ ಅಣುಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಬಿಸಿಯಾದರೂ ಇದು ಕರಗಿ ಹರಿಯುವುದಿಲ್ಲ. ಈ ಪದರದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಯೋ ಧೂಳಿನ ಕಣವೋ ಸೇರಿದರೂ ಮುಂದೊಂದು ದಿನ ಕೇಬಲ್ ಅಲ್ಲಿಯೇ ಸುಟ್ಟುಹೋಗುವ ಅಪಾಯವಿದೆ.

## ಎಸಿ ಕೇಬಲ್ ದೂರ ಹೋಗಲಾರದು, ಏಕೆ?

ಮನೆಗೆ ಬರುವ ವಿದ್ಯುತ್ತು ಪರ್ಯಾಯ ವಿದ್ಯುತ್, ಅಂದರೆ ಎಸಿ. ಇದರ ದಿಕ್ಕು ಎಡೆಬಿಡದೆ ಬದಲಾಗುತ್ತಿರುತ್ತದೆ. 50 ಹರ್ಟ್ಸ್ ಜಾಲದಲ್ಲಿ ಪ್ರತಿ ಸೆಕೆಂಡಿಗೆ 50 ಬಾರಿ ಆಚೆಗೂ 50 ಬಾರಿ ಈಚೆಗೂ ಹರಿಯುತ್ತದೆ. ಬ್ಯಾಟರಿಯಿಂದ ಬರುವಂತೆ ಒಂದೇ ದಿಕ್ಕಿನಲ್ಲಿ ಹರಿಯುವುದು ನೇರ ವಿದ್ಯುತ್, ಅಂದರೆ ಡಿಸಿ. ಜಗತ್ತಿನ ಜಾಲಗಳು ಎಸಿಯನ್ನು ಆರಿಸಿಕೊಂಡಿದ್ದಕ್ಕೆ ಮುಖ್ಯ ಕಾರಣ ಟ್ರಾನ್ಸ್‌ಫಾರ್ಮರ್. ಎಸಿಯ ವೋಲ್ಟೇಜನ್ನು ಅದು ಸುಲಭವಾಗಿ ಏರಿಸುತ್ತದೆ, ಇಳಿಸುತ್ತದೆ. ಡಿಸಿಯ ಮೇಲೆ ಅದರ ಆಟ ನಡೆಯುವುದಿಲ್ಲ.

ಭೂಗತ ಕೇಬಲ್‌ನಲ್ಲಿ ವಾಹಕ ಮತ್ತು ಹೊರಗಿನ ಲೋಹದ ಕವಚ ತೀರಾ ಹತ್ತಿರ ಇರುತ್ತವೆ, ನಡುವೆ ತೆಳುವಾದ ಅವಾಹಕ. ಎರಡು ಲೋಹದ ಪದರಗಳ ನಡುವೆ ಅವಾಹಕ ಇಟ್ಟರೆ ಅದು ವಿದ್ಯುದಂಶವನ್ನು ಹಿಡಿದಿಡುವ ಕೆಪಾಸಿಟರ್ ಆಗುತ್ತದೆ. ಆದ್ದರಿಂದ ಹೂತ ಕೇಬಲ್ ಎಂದರೆ ಅದರ ಉದ್ದಕ್ಕೂ ಹರಡಿರುವ ಒಂದು ದೊಡ್ಡ ಕೆಪಾಸಿಟರ್. ತೆರೆದ ತಂತಿಗೆ ಹೋಲಿಸಿದರೆ ಇದರ ಧಾರಕತೆ, ಅಂದರೆ ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯ, ಪ್ರತಿ ಕಿಲೋಮೀಟರಿಗೆ ಸುಮಾರು 20 ಪಟ್ಟು ಹೆಚ್ಚು. ಉದ್ದನೆಯ, ಮೆತ್ತನೆಯ ರಬ್ಬರ್ ಕೊಳವೆಯೊಂದನ್ನು ಊಹಿಸಿಕೊಳ್ಳೋಣ. ನೀರು ಬಿಟ್ಟರೆ ಮೊದಲು ಕೊಳವೆ ಉಬ್ಬಬೇಕು, ಆಮೇಲೆ ಆ ತುದಿಯಲ್ಲಿ ನೀರು ಬರಬೇಕು. ನೀರು ಒಂದೇ ದಿಕ್ಕಿನಲ್ಲಿ ಹರಿಯುವುದಾದರೆ ಒಮ್ಮೆ ಉಬ್ಬಿದ ಕೊಳವೆ ಹಾಗೆಯೇ ಉಳಿಯುತ್ತದೆ, ಬಿಟ್ಟ ನೀರೆಲ್ಲ ಆಚೆ ತಲುಪುತ್ತದೆ. ಆದರೆ ನೀರನ್ನು ಸೆಕೆಂಡಿಗೆ 50 ಬಾರಿ ತಳ್ಳಿ ಎಳೆಯುತ್ತಿದ್ದರೆ ಅದರ ದೊಡ್ಡ ಪಾಲು ಕೊಳವೆಯನ್ನು ಉಬ್ಬಿಸಿ ಕುಗ್ಗಿಸುವುದರಲ್ಲೇ ಓಡಾಡಿಕೊಂಡಿರುತ್ತದೆ. ಕೊಳವೆ ಸಾಕಷ್ಟು ಉದ್ದವಾಗಿದ್ದರೆ ಆಚೆ ತುದಿಗೆ ಏನೂ ಉಳಿಯುವುದಿಲ್ಲ.

ಎಸಿ ಕೇಬಲ್‌ನಲ್ಲಿ ನಡೆಯುವುದು ಇದೇ. 50 ಹರ್ಟ್ಸ್‌ನ 400 ಕಿಲೋವೋಲ್ಟ್ ಕೇಬಲನ್ನು ಹೀಗೆ ತುಂಬಿ ಖಾಲಿ ಮಾಡಲು ಪ್ರತಿ ಕಿಲೋಮೀಟರಿಗೆ ಸುಮಾರು 15 ಆಂಪಿಯರ್ ಬೇಕಾಗುತ್ತದೆ. ಒಂದೇ ತುದಿಯಿಂದ ಪೂರೈಸುವುದಾದರೆ 100 ಕಿಲೋಮೀಟರಿಗೆ 1,500 ಆಂಪಿಯರ್ ಆಯಿತು. ಅಂಥ ಕೇಬಲ್ ಹೊರಬಲ್ಲ ಒಟ್ಟು ಪ್ರವಾಹವೇ ಹೆಚ್ಚುಕಡಿಮೆ ಅಷ್ಟು. ಕೇಬಲ್ ಬಿಸಿಯಾಗಿರುತ್ತದೆ, ಸಾಗಿಸಿದ ಉಪಯುಕ್ತ ವಿದ್ಯುತ್ ಮಾತ್ರ ಸೊನ್ನೆ. ಎರಡೂ ತುದಿಗಳಲ್ಲಿ ಮತ್ತು ನಡುನಡುವೆ ರಿಯಾಕ್ಟರ್ ಎಂಬ ದೊಡ್ಡ ಸುರುಳಿಗಳನ್ನು ಜೋಡಿಸಿ ಈ ಹೊರೆಯನ್ನು ತಗ್ಗಿಸಬಹುದು. ಟೋಕಿಯೊ ನಗರಕ್ಕೆ 2000ನೇ ಇಸವಿಯಲ್ಲಿ 500 ಕಿಲೋವೋಲ್ಟ್‌ನ ಎಸಿ ಕೇಬಲನ್ನು ನೆಲದಡಿಯಲ್ಲಿ ಸುಮಾರು 40 ಕಿಲೋಮೀಟರ್ ದೂರ ಒಯ್ದಿದ್ದಾರೆ. ನಗರದೊಳಗಿನ ಇಂಥ ದೂರಗಳಿಗೆ ಎಸಿ ನಡೆಯುತ್ತದೆ, ಐನೂರು ಕಿಲೋಮೀಟರಿಗೆ ನಡೆಯುವುದಿಲ್ಲ.

ಡಿಸಿಯಲ್ಲಿ ಕೇಬಲ್ ಒಮ್ಮೆ ತುಂಬಿಕೊಂಡರೆ ಮುಗಿಯಿತು. ಉದ್ದ ಹೆಚ್ಚಿದಂತೆ ವಾಹಕದ ರೋಧದಿಂದ ಆಗುವ ನಷ್ಟ ಹೆಚ್ಚುತ್ತದೆಯೇ ಹೊರತು, ಇಷ್ಟೇ ದೂರ ಎಂಬ ಗೋಡೆ ಎದುರಾಗುವುದಿಲ್ಲ. ದೂರದ ಭೂಗತ ಪ್ರಸರಣ ಮಾರ್ಗ ಎಂದರೆ ಬಹುಮಟ್ಟಿಗೆ ಡಿಸಿ ಮಾರ್ಗ ಎಂಬ ಅರ್ಥ ಬಂದಿರುವುದು ಈ ಕಾರಣದಿಂದ.

## ಡಿಸಿ ಹಿಂದಿರುಗಿದ ದಾರಿ

ಥಾಮಸ್ ಎಡಿಸನ್ 1882ರಲ್ಲಿ ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ಹಂಚಿದ್ದು ಡಿಸಿ ವಿದ್ಯುತ್ತನ್ನೇ, ಅದೂ ನೆಲದಡಿಯ ತಂತಿಗಳಲ್ಲಿ. ಆದರೆ ಆ ಕಡಿಮೆ ವೋಲ್ಟೇಜ್‌ನ ವಿದ್ಯುತ್ತು ಹೆಚ್ಚು ದೂರ ಸಾಗುತ್ತಿರಲಿಲ್ಲ, ಎಸಿಯ ಎದುರು ಅದು ಸೋತಿತು. ಡಿಸಿಯು ಪ್ರಸರಣಕ್ಕೆ ಮರಳಿದ್ದು 1954ರಲ್ಲಿ. ಸ್ವೀಡನ್ನಿನ ಮುಖ್ಯ ಭೂಭಾಗದಿಂದ ಗಾಟ್‌ಲ್ಯಾಂಡ್ ದ್ವೀಪಕ್ಕೆ ಸಮುದ್ರದಡಿಯಲ್ಲಿ ಸುಮಾರು 100 ಕಿಲೋಮೀಟರ್ ಉದ್ದದ, 100 ಕಿಲೋವೋಲ್ಟ್‌ನ ಡಿಸಿ ಕೇಬಲ್ ಆ ವರ್ಷ ಕೆಲಸ ಆರಂಭಿಸಿತು. ಇದರ ಹಿಂದಿದ್ದ ತಂತ್ರಜ್ಞ ಉನೊ ಲಾಮ್. ಸಾಗಿಸಿದ್ದು ಕೇವಲ 20 ಮೆಗಾವಾಟ್.

ಡಿಸಿ ಮಾರ್ಗದ ಎರಡು ತುದಿಗಳಲ್ಲಿ ಕನ್ವರ್ಟರ್ ಕೇಂದ್ರಗಳು ಇರಲೇಬೇಕು. ಒಂದು ಎಸಿಯನ್ನು ಡಿಸಿ ಮಾಡಿ ಕಳುಹಿಸುತ್ತದೆ, ಇನ್ನೊಂದು ಅದನ್ನು ಮರಳಿ ಎಸಿ ಮಾಡಿ ಸ್ಥಳೀಯ ಜಾಲಕ್ಕೆ ಕೊಡುತ್ತದೆ. ಮೊದಮೊದಲು ಈ ಕೆಲಸಕ್ಕೆ ಪಾದರಸದ ಕವಾಟಗಳನ್ನೂ ನಂತರ ಥೈರಿಸ್ಟರ್ ಎಂಬ ಅರೆವಾಹಕ ಸಾಧನಗಳನ್ನೂ ಬಳಸಿದರು. ಥೈರಿಸ್ಟರ್ ಕೇಂದ್ರಗಳು ಇಂದಿಗೂ ಭಾರೀ ಪ್ರಮಾಣದ ಪ್ರಸರಣದಲ್ಲಿ ದುಡಿಯುತ್ತಿವೆ. ಆದರೆ ಅವಕ್ಕೆ ಎರಡು ಮಿತಿಗಳಿವೆ. ಥೈರಿಸ್ಟರನ್ನು ಬೇಕಾದಾಗ ಚಾಲೂ ಮಾಡಬಹುದು, ಬೇಕಾದಾಗ ನಿಲ್ಲಿಸಲಾಗದು. ಪ್ರವಾಹ ತಾನಾಗಿ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ಆದ್ದರಿಂದ ಈ ಕೇಂದ್ರಗಳು ಎರಡೂ ಕಡೆ ಬಲವಾದ ಎಸಿ ಜಾಲವಿದ್ದರೆ ಮಾತ್ರ ನೆಟ್ಟಗೆ ನಡೆಯುತ್ತವೆ, ಗಾಳಿಯಂತ್ರಗಳಷ್ಟೇ ಇರುವ ಒಂಟಿ ಪ್ರದೇಶ ಅವಕ್ಕೆ ಒಗ್ಗುವುದಿಲ್ಲ.

ಎರಡನೆಯ ಮಿತಿ ಹೊರಗಿನವರ ಗಮನಕ್ಕೆ ಬರುವುದು ಕಡಿಮೆ, ಆದರೆ ಭೂಗತ ಕೇಬಲ್‌ಗಳ ಮಟ್ಟಿಗೆ ನಿರ್ಣಾಯಕವಾದದ್ದು ಅದೇ. ಥೈರಿಸ್ಟರ್ ಮಾರ್ಗದಲ್ಲಿ ವಿದ್ಯುತ್ತಿನ ಹರಿವನ್ನು ಹಿಮ್ಮುಖಗೊಳಿಸಲು ವೋಲ್ಟೇಜ್‌ನ ಧ್ರುವವನ್ನೇ ಅದಲುಬದಲು ಮಾಡಬೇಕು. ಧನ ಇದ್ದದ್ದು ಋಣವಾಗಬೇಕು. ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಇದನ್ನು ಸಹಿಸುವುದಿಲ್ಲ. ಬಹುಕಾಲ ಡಿಸಿ ವೋಲ್ಟೇಜ್‌ನಡಿ ಇದ್ದಾಗ ಆ ಪ್ಲಾಸ್ಟಿಕ್ಕಿನೊಳಗೆ ವಿದ್ಯುದಂಶಗಳು ಸಿಕ್ಕಿಕೊಂಡು ಕುಳಿತುಬಿಡುತ್ತವೆ. ಧ್ರುವ ಹಠಾತ್ತನೆ ಬದಲಾದರೆ ಈ ಹಳೆಯ ವಿದ್ಯುದಂಶಗಳ ಒತ್ತಡ ಹೊಸ ವೋಲ್ಟೇಜ್‌ನ ಒತ್ತಡಕ್ಕೆ ಕೂಡಿಕೊಂಡು ಹೊದಿಕೆ ಸೀಳಬಹುದು. ಎಣ್ಣೆ ಕಾಗದದ ಕೇಬಲ್ ಇದನ್ನು ತಾಳಿಕೊಳ್ಳುತ್ತದೆ, ಆದರೆ ಅದು ಭಾರ, ಅದರ ತಯಾರಿಕೆ ನಿಧಾನ, ಅದನ್ನು ಜೋಡಿಸುವುದಂತೂ ನುರಿತ ಕೈಗಳ ಕುಸುರಿ ಕೆಲಸ.

ಬೇಕೆಂದಾಗ ಚಾಲೂ ಆಗುವ, ಬೇಕೆಂದಾಗ ನಿಲ್ಲುವ ಟ್ರಾನ್ಸಿಸ್ಟರ್‌ಗಳನ್ನು ಬಳಸುವ ಹೊಸ ಬಗೆಯ ಕನ್ವರ್ಟರ್ ಬಂದ ಮೇಲೆ ಈ ಗಂಟು ಬಿಚ್ಚಿತು. ಇದನ್ನು ವಿಎಸ್‌ಸಿ ಎನ್ನುತ್ತಾರೆ. ಇದರಲ್ಲಿ ಧ್ರುವ ಹಾಗೆಯೇ ಇರುತ್ತದೆ, ಪ್ರವಾಹವಷ್ಟೇ ತಿರುಗುತ್ತದೆ. ಪ್ಲಾಸ್ಟಿಕ್ ಕೇಬಲ್ ನಿಶ್ಚಿಂತೆಯಾಗಿರುತ್ತದೆ. ಆಚೆ ತುದಿಯಲ್ಲಿ ಬಲವಾದ ಜಾಲ ಇರಬೇಕೆಂಬ ನಿರ್ಬಂಧವೂ ಇಲ್ಲ. ಸ್ವೀಡನ್ನಿನಲ್ಲಿ 1997ರ ಪ್ರಯೋಗದ ನಂತರ, 1999ರಲ್ಲಿ ಇದನ್ನು ಮೊದಲು ವಾಣಿಜ್ಯ ಬಳಕೆಗೆ ತಂದದ್ದು ಅದೇ ಗಾಟ್‌ಲ್ಯಾಂಡ್ ದ್ವೀಪದಲ್ಲಿ, ಅದೂ ದ್ವೀಪದ ದಕ್ಷಿಣದ ಗಾಳಿಯಂತ್ರಗಳ ವಿದ್ಯುತ್ತನ್ನು 70 ಕಿಲೋಮೀಟರ್ ದೂರ ಹೂತ ಕೇಬಲ್‌ಗಳಲ್ಲಿ ತರುವುದಕ್ಕೆ. ಇಂದಿನ ದೊಡ್ಡ ಯೋಜನೆಗಳ ಎಲ್ಲ ಅಂಶಗಳೂ ಆ 50 ಮೆಗಾವಾಟ್‌ನ ಸಣ್ಣ ಮಾರ್ಗದಲ್ಲೇ ಇದ್ದವು. ಮೂರು ವರ್ಷಗಳ ನಂತರ ಆಸ್ಟ್ರೇಲಿಯಾದ ಮರ್ರೆಲಿಂಕ್ ಯೋಜನೆ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾಗಳನ್ನು ಸುಮಾರು 180 ಕಿಲೋಮೀಟರ್ ಉದ್ದದ, 220 ಮೆಗಾವಾಟ್‌ನ ಭೂಗತ ಡಿಸಿ ಕೇಬಲ್‌ನಿಂದ ಜೋಡಿಸಿತು. ನೂರಾರು ಸಣ್ಣ ಘಟಕಗಳನ್ನು ಸರಣಿಯಲ್ಲಿಟ್ಟು ಮೆಟ್ಟಿಲು ಮೆಟ್ಟಿಲಾಗಿ ವೋಲ್ಟೇಜ್ ಕಟ್ಟುವ ಕನ್ವರ್ಟರ್ ವಿನ್ಯಾಸ 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಟ್ರಾನ್ಸ್ ಬೇ ಕೇಬಲ್‌ನಲ್ಲಿ ಬಳಕೆಗೆ ಬಂದ ಮೇಲೆ ಒಂದು ಕೇಂದ್ರದಲ್ಲಿ ಆಗುವ ನಷ್ಟ ಶೇ 1ರ ಆಸುಪಾಸಿಗೆ ಇಳಿಯಿತು.

## ಶಾಖ ಎಂಬ ಮುಖ್ಯ ಮಿತಿ

ಭೂಗತ ಕೇಬಲ್ ಎಷ್ಟು ವಿದ್ಯುತ್ತನ್ನು ಹೊರಬಲ್ಲದು ಎಂಬುದನ್ನು ಅಂತಿಮವಾಗಿ ತೀರ್ಮಾನಿಸುವುದು ಸುತ್ತಲಿನ ಮಣ್ಣು. ಜರ್ಮನಿಯ ಸ್ಯೂಡ್‌ಲಿಂಕ್ ಯೋಜನೆಯಂಥ ಒಂದು ಮಾರ್ಗವನ್ನು ತೆಗೆದುಕೊಳ್ಳೋಣ. ಧನ ಮತ್ತು ಋಣ 525 ಕಿಲೋವೋಲ್ಟ್‌ನ ಎರಡು ಕೇಬಲ್‌ಗಳು, ನಡುವಿನ ಅಂತರ 1,050 ಕಿಲೋವೋಲ್ಟ್, ಸಾಗಿಸುವುದು 2,000 ಮೆಗಾವಾಟ್. ಅಂದರೆ ಸುಮಾರು 1,900 ಆಂಪಿಯರ್. ವಾಹಕವು 2,500 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರ ಎಂದಿಟ್ಟುಕೊಂಡರೆ ಪ್ರತಿ ಮೀಟರ್ ಕೇಬಲ್ ಸುಮಾರು 30 ವಾಟ್ ಶಾಖವನ್ನು ಬಿಡುತ್ತದೆ. ಇದು ಅಲ್ಪವೆನಿಸಬಹುದು. 700 ಕಿಲೋಮೀಟರ್ ಉದ್ದಕ್ಕೆ, ಎರಡು ಕೇಬಲ್‌ಗಳಿಗೆ ಲೆಕ್ಕ ಹಾಕಿದರೆ 42 ಮೆಗಾವಾಟ್ ಆಗುತ್ತದೆ, ಅಂದರೆ ಸಾಗಿಸಿದ್ದರ ಶೇ 2ರಷ್ಟು. ಎರಡು ತುದಿಗಳ ಕನ್ವರ್ಟರ್ ನಷ್ಟವನ್ನು ಸೇರಿಸಿದರೆ ಒಟ್ಟು ಶೇ 4ರ ಆಸುಪಾಸು. ಅಷ್ಟು ದೂರಕ್ಕೆ ಇದು ಒಳ್ಳೆಯ ಲೆಕ್ಕವೇ.

ಕಷ್ಟ ಇರುವುದು ಆ ಶಾಖ ಹೊರಹೋಗುವ ದಾರಿಯಲ್ಲಿ. ಡಿಸಿ ಬಳಕೆಯಲ್ಲಿ ಎಕ್ಸ್‌ಎಲ್‌ಪಿಇ ಕೇಬಲ್‌ನ ವಾಹಕ ಸಾಮಾನ್ಯವಾಗಿ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಬಿಸಿಯಾಗಬಹುದು. ತೇವವಿರುವ ಮಣ್ಣು ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಒಣ ಮರಳು ತಡೆಯುತ್ತದೆ. ಇನ್ನೂ ತೊಡಕಿನ ಸಂಗತಿಯೆಂದರೆ, ಬಿಸಿಯಾದ ಕೇಬಲ್ ತನ್ನ ಸುತ್ತಲಿನ ತೇವವನ್ನು ತಾನೇ ದೂರ ತಳ್ಳುತ್ತದೆ. ತೇವ ಹೋದಂತೆ ಮಣ್ಣು ಶಾಖವನ್ನು ಇನ್ನಷ್ಟು ತಡೆಯುತ್ತದೆ, ಕೇಬಲ್ ಇನ್ನಷ್ಟು ಬಿಸಿಯಾಗುತ್ತದೆ. ಇದನ್ನು ತಪ್ಪಿಸಲು ಮಾರ್ಗದುದ್ದಕ್ಕೂ ಮಣ್ಣಿನ ಗುಣವನ್ನು ಅಳೆಯುತ್ತಾರೆ, ಬೇಕಾದಲ್ಲಿ ಶಾಖವನ್ನು ಚೆನ್ನಾಗಿ ಸಾಗಿಸುವ ವಿಶೇಷ ಮಿಶ್ರಣವನ್ನು ಕೇಬಲ್ ಸುತ್ತ ತುಂಬುತ್ತಾರೆ, ಕೇಬಲ್‌ಗಳನ್ನು ಒಂದಕ್ಕೊಂದು ತಾಗದಂತೆ ದೂರ ಇಡುತ್ತಾರೆ. ಎಲ್ಲೋ ಒಂದೆಡೆ ಒಣ ನೆಲದ ಸಣ್ಣ ತುಣುಕಿದ್ದರೂ ಇಡೀ ಮಾರ್ಗದ ಸಾಮರ್ಥ್ಯವನ್ನು ನಿಗದಿ ಮಾಡುವುದು ಆ ತುಣುಕೇ.

## ಹೂಳುವ ಕೆಲಸ

ಬಹುಪಾಲು ಸಮುದ್ರದಡಿಯಲ್ಲಿ ಸಾಗುವ, 700 ಕಿಲೋಮೀಟರಿಗೂ ಮೀರಿದ ಡಿಸಿ ಕೇಬಲ್‌ಗಳು ಈಗಾಗಲೇ ಕೆಲಸ ಮಾಡುತ್ತಿವೆ. ನಾರ್ವೆ ಮತ್ತು ಬ್ರಿಟನ್ ನಡುವಿನ ನಾರ್ತ್ ಸೀ ಲಿಂಕ್ 2021ರಲ್ಲಿ, ಡೆನ್ಮಾರ್ಕ್ ಮತ್ತು ಬ್ರಿಟನ್ ನಡುವಿನ ವೈಕಿಂಗ್ ಲಿಂಕ್ 2023ರಲ್ಲಿ ಆರಂಭವಾದವು. ಹಾಗಿದ್ದರೆ ನೆಲದ ಮೇಲೆ ಇದು ಇನ್ನೂ ಸುಲಭವಾಗಬೇಕಲ್ಲವೇ? ವಾಸ್ತವ ಇದಕ್ಕೆ ತದ್ವಿರುದ್ಧ. ಹಡಗೊಂದು ಹತ್ತಾರು ಕಿಲೋಮೀಟರ್ ಕೇಬಲನ್ನು ಒಂದೇ ತುಂಡಾಗಿ ಸುತ್ತಿಕೊಂಡು ಹೋಗಬಲ್ಲದು, ತಣ್ಣನೆಯ ನೀರು ಶಾಖದ ಚಿಂತೆಯನ್ನು ಕಡಿಮೆ ಮಾಡುತ್ತದೆ. ನೆಲದ ಮೇಲಾದರೆ ಕೇಬಲ್ ಲಾರಿಯಲ್ಲಿ ಬರಬೇಕು. ಮೇಲೆ ಹೇಳಿದ ಅಳತೆಯ ಕೇಬಲ್‌ನಲ್ಲಿ ತಾಮ್ರವೊಂದೇ ಮೀಟರಿಗೆ ಸುಮಾರು 22 ಕಿಲೋಗ್ರಾಂ ತೂಗುತ್ತದೆ. ಹೊದಿಕೆಗಳೆಲ್ಲ ಸೇರಿದರೆ ಒಂದು ಕಿಲೋಮೀಟರ್ ಉದ್ದದ ಉರುಳೆ ಹತ್ತಾರು ಟನ್ ಆಗುತ್ತದೆ. ಸೇತುವೆ, ತಿರುವು, ರಸ್ತೆಯ ತಾಳಿಕೆಗಳನ್ನೆಲ್ಲ ನೋಡಿದರೆ ಒಂದೆರಡು ಕಿಲೋಮೀಟರಿಗಿಂತ ಉದ್ದದ ತುಂಡನ್ನು ತರುವುದು ಕಷ್ಟ.

ಆದ್ದರಿಂದ ಪ್ರತಿ ಒಂದೆರಡು ಕಿಲೋಮೀಟರಿಗೆ ಒಂದು ಜೋಡಣೆ ಬೇಕು. 700 ಕಿಲೋಮೀಟರ್ ಮಾರ್ಗದಲ್ಲಿ ಒಂದೊಂದು ಕೇಬಲ್‌ಗೂ ನೂರಾರು ಜೋಡಣೆಗಳಾದವು. ಹೊಲದ ನಡುವೆ ಧೂಳು, ತೇವಗಳಿಲ್ಲದ ಮುಚ್ಚಿದ ಕೋಣೆಯನ್ನು ನಿಲ್ಲಿಸಿ, ಅದರೊಳಗೆ ತರಬೇತಿ ಪಡೆದ ಜೋಡಣೆಗಾರರು ಪದರ ಪದರವಾಗಿ ಬಿಡಿಸಿ ಮತ್ತೆ ಕಟ್ಟುತ್ತಾರೆ. ಒಂದು ಜೋಡಣೆಗೆ ದಿನಗಳೇ ಬೇಕು. ಕಾರ್ಖಾನೆಯಲ್ಲಿ ತಯಾರಾದ ಕೇಬಲ್‌ಗಿಂತ ಬಯಲಿನಲ್ಲಿ ಕೈಯಿಂದ ಮಾಡಿದ ಈ ಜೋಡಣೆಗಳೇ ದುರ್ಬಲ ಬಿಂದುಗಳಾಗುವ ಸಾಧ್ಯತೆ ಹೆಚ್ಚು.

ಕಂದಕದ ಆಳ ಸಾಮಾನ್ಯವಾಗಿ ಒಂದೂವರೆ ಮೀಟರ್‌ನ ಆಸುಪಾಸು. ಕೃಷಿಭೂಮಿಯಲ್ಲಿ ಮೇಲ್ಮಣ್ಣನ್ನೂ ಕೆಳಮಣ್ಣನ್ನೂ ಬೇರೆ ಬೇರೆಯಾಗಿ ರಾಶಿ ಹಾಕಿ, ಅದೇ ಕ್ರಮದಲ್ಲಿ ಮರಳಿ ತುಂಬಬೇಕು. ಇಲ್ಲದಿದ್ದರೆ ಫಲವತ್ತಾದ ಪದರ ಕೆಳಗೆ ಸೇರಿ ವರ್ಷಗಟ್ಟಲೆ ಇಳುವರಿ ಕುಗ್ಗುತ್ತದೆ. ಭಾರೀ ಯಂತ್ರಗಳು ಓಡಾಡಿ ಮಣ್ಣು ಗಟ್ಟಿಯಾಗುವುದು ಇನ್ನೊಂದು ತೊಂದರೆ. ಕೆಲಸ ಮುಗಿದ ಮೇಲೆ ಉಳುಮೆ, ಬಿತ್ತನೆಗಳಿಗೆ ಅಡ್ಡಿ ಇಲ್ಲ. ಆಳಕ್ಕೆ ಬೇರು ಬಿಡುವ ಮರಗಳನ್ನು ನೆಡುವಂತಿಲ್ಲ, ಕಟ್ಟಡ ಕಟ್ಟುವಂತಿಲ್ಲ. ಹಾಗಾಗಿ ಕಾಡಿನಲ್ಲಿ ಹೂತ ಕೇಬಲ್ ಕೂಡ ಮರಗಳಿಲ್ಲದ ಒಂದು ಪಟ್ಟಿಯನ್ನು ಬಿಟ್ಟುಹೋಗುತ್ತದೆ. ನದಿ, ರೈಲುಹಳಿ, ಹೆದ್ದಾರಿಗಳು ಎದುರಾದಲ್ಲಿ ಅಗೆಯುವ ಬದಲು ಒಂದು ಬದಿಯಿಂದ ಓರೆಯಾಗಿ ಕೊರೆದು ಕೆಳಗಿಂದ ಹಾಯ್ದು ಇನ್ನೊಂದು ಬದಿಯಲ್ಲಿ ಮೇಲೇಳುತ್ತಾರೆ. ಸ್ಯೂಡ್‌ಲಿಂಕ್‌ಗಾಗಿ ಎಲ್ಬೆ ನದಿಯ ಅಡಿಯಲ್ಲಿ 5 ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗವನ್ನೇ ಕೊರೆಯಬೇಕಾಯಿತು.

## ಕೆಟ್ಟರೆ ಏನು ಮಾಡುತ್ತಾರೆ?

ಭೂಗತ ಕೇಬಲ್‌ಗೆ ಸಿಡಿಲು, ಬಿರುಗಾಳಿ, ಉರುಳುವ ಮರಗಳ ಭಯವಿಲ್ಲ. ಆದ್ದರಿಂದ ಅದು ಕೆಡುವುದು ಕಡಿಮೆ. ಕೆಟ್ಟಾಗ ಮಾತ್ರ ದೀರ್ಘಕಾಲ ಸ್ತಬ್ಧವಾಗುತ್ತದೆ. ತೆರೆದ ತಂತಿಯಲ್ಲಿ ಸಿಡಿಲಿನಿಂದ ಆದ ದೋಷ ಅನೇಕ ವೇಳೆ ಒಂದು ಸೆಕೆಂಡಿನೊಳಗೆ ಸರಿಹೋಗುತ್ತದೆ, ಗೋಪುರವೇ ಬಿದ್ದರೂ ಎಲ್ಲಿ ಬಿದ್ದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಸುಟ್ಟ ಪ್ಲಾಸ್ಟಿಕ್ ಗಾಳಿಯಂತೆ ತಾನೇ ಕೂಡಿಕೊಳ್ಳುವುದಿಲ್ಲ. ಕೇಬಲ್‌ನ ಒಂದು ತುದಿಯಿಂದ ವಿದ್ಯುತ್ ಸ್ಪಂದನವೊಂದನ್ನು ಕಳುಹಿಸಿ, ಹಾನಿಯಾದ ಜಾಗದಿಂದ ಅದು ಪ್ರತಿಫಲಿಸಿ ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತಾರೆ. ನಂತರ ಅಗೆದು, ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ತುಂಡನ್ನು ಎರಡು ಹೊಸ ಜೋಡಣೆಗಳೊಂದಿಗೆ ಸೇರಿಸುವಷ್ಟರಲ್ಲಿ ವಾರಗಳು ಕಳೆಯುತ್ತವೆ. ಈ ಕಾರಣಕ್ಕೆ ಒಂದೇ ದೊಡ್ಡ ಮಾರ್ಗದ ಬದಲು ಎರಡು ಸ್ವತಂತ್ರ ಮಾರ್ಗಗಳನ್ನು ಹಾಕುವುದುಂಟು.

## ಕಾಂತಕ್ಷೇತ್ರದ ಬಗ್ಗೆ

ಕೇಬಲ್‌ನ ವಿದ್ಯುತ್ ಕ್ಷೇತ್ರವು ಭೂಸಂಪರ್ಕ ಇರುವ ಲೋಹದ ಕವಚದೊಳಗೇ ಉಳಿಯುತ್ತದೆ, ಹೊರಗೆ ಬರುವುದಿಲ್ಲ. ಕಾಂತಕ್ಷೇತ್ರ ಹೊರಬರುತ್ತದೆ. ಡಿಸಿ ಆದ್ದರಿಂದ ಅದು ಭೂಮಿಯ ಕಾಂತಕ್ಷೇತ್ರದಂತೆ ಸ್ಥಿರವಾದದ್ದು. ಭೂಮಿಯದ್ದು ಜಾಗವನ್ನು ಅನುಸರಿಸಿ ಸುಮಾರು 25ರಿಂದ 65 ಮೈಕ್ರೊಟೆಸ್ಲಾ. ಧನ ಮತ್ತು ಋಣ ಕೇಬಲ್‌ಗಳಲ್ಲಿ ಪ್ರವಾಹದ ದಿಕ್ಕು ವಿರುದ್ಧವಾಗಿರುವುದರಿಂದ ಅವುಗಳ ಕಾಂತಕ್ಷೇತ್ರಗಳು ಒಂದನ್ನೊಂದು ಬಹುಮಟ್ಟಿಗೆ ರದ್ದುಮಾಡುತ್ತವೆ. 2,000 ಆಂಪಿಯರ್ ಹರಿಯುವ ಎರಡು ಕೇಬಲ್‌ಗಳು ಅರ್ಧ ಮೀಟರ್ ಅಂತರದಲ್ಲಿದ್ದರೆ, ನೇರವಾಗಿ ಅವುಗಳ ಮೇಲೆ ನಿಂತಾಗ ಕಾಲಡಿಯಲ್ಲಿ ಸಿಗುವುದು ನೂರು ಮೈಕ್ರೊಟೆಸ್ಲಾದ ಆಸುಪಾಸು. ಹತ್ತು ಮೀಟರ್ ದೂರದಲ್ಲಿ ಅದು ಎರಡು ಮೈಕ್ರೊಟೆಸ್ಲಾಕ್ಕೆ ಇಳಿಯುತ್ತದೆ. ಸ್ಥಿರ ಕಾಂತಕ್ಷೇತ್ರಕ್ಕೆ ಸಾರ್ವಜನಿಕರು ಒಳಗಾಗುವ ಬಗ್ಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಇಟ್ಟಿರುವ ಮಿತಿ 400 ಮಿಲಿಟೆಸ್ಲಾ, ಅಂದರೆ 4 ಲಕ್ಷ ಮೈಕ್ರೊಟೆಸ್ಲಾ.

## ಹಾಗಾದರೆ ಎಲ್ಲಿ ಹೂಳಬೇಕು, ಎಲ್ಲಿ ಬೇಡ?

ಅದೇ ಸಾಮರ್ಥ್ಯದ ತೆರೆದ ಮಾರ್ಗಕ್ಕಿಂತ ಭೂಗತ ಮಾರ್ಗಕ್ಕೆ ಹಲವು ಪಟ್ಟು ಹೆಚ್ಚು ಖರ್ಚಾಗುತ್ತದೆ. ಎಷ್ಟು ಪಟ್ಟು ಎಂಬುದು ನೆಲ, ದೂರ, ವೋಲ್ಟೇಜ್‌ಗಳನ್ನು ಅವಲಂಬಿಸಿದೆ. ಆದರೆ ಕಾಗದದ ಮೇಲಿನ ಅಗ್ಗದ ಮಾರ್ಗ ಕಟ್ಟಲಾಗದೆ ಉಳಿದರೆ ಅದರ ಅಗ್ಗಕ್ಕೆ ಅರ್ಥವಿಲ್ಲ. ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಪಿರನೀಸ್ ಪರ್ವತವನ್ನು ದಾಟುವ ತೆರೆದ ಮಾರ್ಗದ ಪ್ರಸ್ತಾವಗಳು ದೀರ್ಘಕಾಲದ ವಿರೋಧದಿಂದ ಮುಂದೆ ಸಾಗಲಿಲ್ಲ. ಕೊನೆಗೆ 64.5 ಕಿಲೋಮೀಟರ್‌ನ ಪೂರ್ಣ ಭೂಗತ ಡಿಸಿ ಮಾರ್ಗ, ಪರ್ವತದೊಳಗಿನ 8.5 ಕಿಲೋಮೀಟರ್ ಸುರಂಗ ಸಹಿತ, 2015ರಲ್ಲಿ ಸಿದ್ಧವಾಗಿ 2,000 ಮೆಗಾವಾಟ್ ಸಾಗಿಸತೊಡಗಿತು.

ಅದೇ ವರ್ಷದ ಕೊನೆಗೆ ಜರ್ಮನಿ ತನ್ನ ದೊಡ್ಡ ಡಿಸಿ ಮಾರ್ಗಗಳಲ್ಲಿ ಭೂಗತ ಕೇಬಲ್‌ಗೆ ಆದ್ಯತೆ ಕೊಡುವ ಕಾನೂನು ತಂದಿತು. ಜನರ ವಿರೋಧ ತಗ್ಗಿ ಕೆಲಸ ಬೇಗ ಆಗಲಿ ಎಂಬುದು ಅದರ ಆಶಯ. ಉತ್ತರದ ಗಾಳಿ ವಿದ್ಯುತ್ತನ್ನು ದಕ್ಷಿಣಕ್ಕೆ ಒಯ್ಯುವ ಸ್ಯೂಡ್‌ಲಿಂಕ್ ಸುಮಾರು 700 ಕಿಲೋಮೀಟರ್ ಉದ್ದದ್ದು, ಮೇಲೆ ಹೇಳಿದಂಥ ಎರಡು ಮಾರ್ಗಗಳು ಸೇರಿ 4,000 ಮೆಗಾವಾಟ್ ಸಾಮರ್ಥ್ಯದ್ದು. ಮೊದಲು 2022ಕ್ಕೆ ಮುಗಿಯಬೇಕಿದ್ದ ಅದರ ಗಡುವನ್ನು, ಹೊಸದಾಗಿ ಮಾರ್ಗ ಗುರುತಿಸಿ ಅನುಮತಿ ಪಡೆಯಬೇಕಾಗಿ ಬಂದುದರಿಂದ, 2028ಕ್ಕೆ ಮುಂದೂಡಲಾಯಿತು. ವೆಚ್ಚ ಸುಮಾರು 1,000 ಕೋಟಿ ಯೂರೊ. ಮುಂದೆ ಯೋಜಿಸುವ ಡಿಸಿ ಮಾರ್ಗಗಳನ್ನು ಸಾಧ್ಯವಿದ್ದಲ್ಲೆಲ್ಲ ತೆರೆದ ತಂತಿಗಳಲ್ಲೇ ಒಯ್ಯಬೇಕೆಂದು ಅಲ್ಲಿನ ಸಮ್ಮಿಶ್ರ ಸರ್ಕಾರದ ಪಕ್ಷಗಳು 2025ರಲ್ಲಿ ಒಪ್ಪಿಕೊಂಡವು. ಹೂಳುವುದರಿಂದ ವಿರೋಧ ಇಲ್ಲವಾಗುವುದಿಲ್ಲ, ಅದು ಗೋಪುರದ ನೋಟದಿಂದ ಹೊಲದ ಮಣ್ಣಿಗೆ ಸ್ಥಳಾಂತರವಾಗುತ್ತದೆ ಎಂಬುದನ್ನು ಜರ್ಮನಿಯ ಈ ಹತ್ತು ವರ್ಷಗಳು ತೋರಿಸಿವೆ.

ಈಗಾಗಲೇ ಇರುವ ದಾರಿಗಳನ್ನು ಬಳಸಿಕೊಳ್ಳುವುದು ಇನ್ನೊಂದು ಉಪಾಯ. ಅಮೆರಿಕದಲ್ಲಿ ಅಯೋವಾದಿಂದ ಇಲಿನಾಯ್‌ಗೆ ಸುಮಾರು 560 ಕಿಲೋಮೀಟರ್ ದೂರ, ರೈಲುಹಳಿಗಳ ಪಕ್ಕದ ಜಾಗದಲ್ಲೇ 2,100 ಮೆಗಾವಾಟ್‌ನ ಕೇಬಲ್ ಹೂಳಬೇಕೆಂಬುದು ಸೂ ಗ್ರೀನ್ ಎಂಬ ಯೋಜನೆಯ ಪ್ರಸ್ತಾವ. ಇದರಿಂದ ಸಾವಿರಾರು ಭೂಮಾಲೀಕರ ಬದಲು ಕೆಲವೇ ಸಂಸ್ಥೆಗಳ ಜೊತೆ ಮಾತುಕತೆ ಸಾಕಾಗುತ್ತದೆ. ಕೆನಡಾದ ಕ್ವಿಬೆಕ್‌ನ ಜಲವಿದ್ಯುತ್ತನ್ನು ನ್ಯೂಯಾರ್ಕ್ ನಗರಕ್ಕೆ ತರುವ 1,250 ಮೆಗಾವಾಟ್‌ನ ಶಾಂಪ್ಲೇನ್ ಹಡ್ಸನ್ ಯೋಜನೆಯ ಕಾಮಗಾರಿ 2022ರಲ್ಲಿ ಆರಂಭವಾಯಿತು; ಅಮೆರಿಕದೊಳಗಿನ ಅದರ ಸುಮಾರು 545 ಕಿಲೋಮೀಟರ್ ಹಾದಿ ಸರೋವರ, ನದಿ, ರೈಲುಹಳಿ, ರಸ್ತೆಗಳ ಜಾಡನ್ನೇ ಹಿಡಿದಿದೆ. ಪೂರ್ತಿ ಹೂಳದೆ, ಇಕ್ಕಟ್ಟಾದ ಜಾಗದಲ್ಲಷ್ಟೇ ಹೂಳುವ ಮಧ್ಯಮ ದಾರಿಗೆ ಭಾರತದ ಪುಗಲೂರು–ತ್ರಿಶೂರ್ ಮಾರ್ಗ ಉದಾಹರಣೆ. 2021ರಲ್ಲಿ ಉದ್ಘಾಟನೆಯಾದ ಈ 2,000 ಮೆಗಾವಾಟ್‌ನ ವಿಎಸ್‌ಸಿ ಮಾರ್ಗದ ಬಹುಭಾಗ ಗೋಪುರಗಳ ಮೇಲಿದೆ, ಜನವಸತಿ ದಟ್ಟವಾಗಿರುವ ಕೇರಳದಲ್ಲಿ ಸುಮಾರು 27 ಕಿಲೋಮೀಟರ್ ನೆಲದಡಿಯಲ್ಲಿದೆ.

ಕೆಲವೊಮ್ಮೆ ಪ್ರಶ್ನೆ ನ್ಯಾಯಾಲಯಕ್ಕೂ ಹೋಗುತ್ತದೆ. ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳು ತಂತಿಗೆ ಬಡಿದು ಸಾಯುವುದನ್ನು ತಡೆಯಲು, ರಾಜಸ್ಥಾನ ಮತ್ತು ಗುಜರಾತಿನ ಅವುಗಳ ನೆಲೆಗಳಲ್ಲಿ ತಂತಿಗಳನ್ನು ಕಾರ್ಯಸಾಧ್ಯವಿದ್ದಲ್ಲಿ ಹೂಳುವಂತೆ ಭಾರತದ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಆದೇಶಿಸಿತು. ಅದೇ ಪ್ರದೇಶ ಸೌರ ಮತ್ತು ಪವನ ವಿದ್ಯುತ್ತಿನ ದೊಡ್ಡ ನೆಲೆಯೂ ಹೌದು. ಅಧಿಕ ವೋಲ್ಟೇಜ್‌ನ ಎಲ್ಲ ಮಾರ್ಗಗಳನ್ನು ಅಷ್ಟು ವಿಶಾಲ ಪ್ರದೇಶದಲ್ಲಿ ಹೂಳುವುದು ತಾಂತ್ರಿಕವಾಗಿ ಸಾಧ್ಯವಿಲ್ಲ ಎಂದು ಸರ್ಕಾರ ವಾದಿಸಿತು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯವು ಆ ವ್ಯಾಪಕ ಆದೇಶವನ್ನು ಮಾರ್ಪಡಿಸಿ, ಎಲ್ಲಿ ಎಷ್ಟು ಹೂಳಬಹುದೆಂದು ಪರಿಶೀಲಿಸಲು ತಜ್ಞರ ಸಮಿತಿ ನೇಮಿಸಿತು. ಎಸಿ ಕೇಬಲ್‌ನ ಮಿತಿಯನ್ನು ಮೇಲೆ ನೋಡಿದವರಿಗೆ ಆ ವಾದದ ಹಿನ್ನೆಲೆ ತಿಳಿದೀತು.

## ದಾರಿಯಲ್ಲಿರುವ ಊರುಗಳಿಗೆ ಇದರಿಂದ ವಿದ್ಯುತ್ ಸಿಗುವುದೇ?

ಸಾಮಾನ್ಯವಾಗಿ ಇಲ್ಲ. ಎಸಿ ಮಾರ್ಗದಲ್ಲಿ ನಡುವೆ ಒಂದು ಉಪಕೇಂದ್ರ ಕಟ್ಟಿದರೆ ಅಲ್ಲಿ ವಿದ್ಯುತ್ತನ್ನು ಇಳಿಸಿಕೊಳ್ಳಬಹುದು. ಡಿಸಿ ಮಾರ್ಗದಿಂದ ಇಳಿಸಿಕೊಳ್ಳಲು ಪ್ರತಿಯೊಂದು ಜಾಗದಲ್ಲೂ ಕನ್ವರ್ಟರ್ ಕೇಂದ್ರವೇ ಬೇಕು, ಅದು ಹಲವು ಎಕರೆ ಜಾಗವನ್ನೂ ಭಾರೀ ಬಂಡವಾಳವನ್ನೂ ಕೇಳುತ್ತದೆ. ಇನ್ನೊಂದು ತೊಡಕು ಪ್ರವಾಹವನ್ನು ಕಡಿಯುವುದರಲ್ಲಿದೆ. ಎಸಿಯ ಪ್ರವಾಹ ಪ್ರತಿ ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಬರುತ್ತದೆ, ಆ ಗಳಿಗೆಯಲ್ಲಿ ಸರ್ಕ್ಯೂಟ್ ಬ್ರೇಕರ್ ಅದನ್ನು ಸುಲಭವಾಗಿ ಕಡಿಯುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲವಾದ್ದರಿಂದ ಅದನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಕಡಿಯುವ ಬ್ರೇಕರ್ ಜಟಿಲವೂ ದುಬಾರಿಯೂ ಆಗುತ್ತದೆ. ಚೀನಾದ ಜಾಂಗ್‌ಬೇಯಲ್ಲಿ 2020ರಲ್ಲಿ ಆರಂಭವಾದ 500 ಕಿಲೋವೋಲ್ಟ್ ಜಾಲವು ಅಂಥ ಬ್ರೇಕರ್‌ಗಳನ್ನು ಬಳಸಿ ನಾಲ್ಕು ಕೇಂದ್ರಗಳನ್ನು ಉಂಗುರದಂತೆ ಜೋಡಿಸಿ, ಗಾಳಿ ಮತ್ತು ಬಿಸಿಲಿನ ವಿದ್ಯುತ್ತನ್ನು ಬೀಜಿಂಗ್‌ಗೆ ಕೊಡುತ್ತಿದೆ; ಅದರ ತಂತಿಗಳು ಮಾತ್ರ ಗೋಪುರಗಳ ಮೇಲಿವೆ. ಉದ್ದದ ಭೂಗತ ಮಾರ್ಗಗಳಲ್ಲಿ ಹೆಚ್ಚಿನವು ಇಂದಿಗೂ ಒಂದು ತುದಿಯಲ್ಲಿ ಹತ್ತಿ ಇನ್ನೊಂದು ತುದಿಯಲ್ಲಿ ಇಳಿಯುವಂಥವು. ತನ್ನ ಹೊಲಗಳ ಕೆಳಗೆ ಅಂಥ ಕೇಬಲ್ ಹಾದುಹೋಗುವ ಊರಿಗೆ ದೀಪದ ವಿದ್ಯುತ್ತು ಬರುವುದು ಮೊದಲಿನಂತೆ ಹತ್ತಿರದ ಎಸಿ ಉಪಕೇಂದ್ರದಿಂದಲೇ.